ರೈತರ ಮಕ್ಕಳ ಕೋಟಾ

ರೈತರ ಮಕ್ಕಳ ಕೋಟಾದಲ್ಲಿ ಕೃಷಿ ಕಾಲೇಜಿಗೆ ಸೇರಲು ಅಂದು ಪ್ರಾಯೋಗಿಕ ಪರೀಕ್ಷೆ. ಅಪ್ಪ ಗೇಟಿನಾಚೆ ಹರಕೆ ಹೊರುತ್ತಿದ್ದ. ಫೇಲಾದರಷ್ಟೇ ಈ ಮಣ್ಣಿನ ಸಹವಾಸ ತಪ್ಪೀತೆಂದು ಮಗಳು ತೀರ್ಮಾನಿಸಿಕೊಂಡೇ ಒಳಗೆ ಬಂದಿದ್ದಳು.

ಪರೀಕ್ಷಕರು ಅವರೆಕಾಳಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. “ಇದ್ಯಾವ ಕಾಳಮ್ಮ?”

“ತೊಗರಿ ಸಾರ್.”

“ಆ ಮೂಲೇಲಿರೋದು?”

“ನೇಗಿಲಿರಬೇಕು,” ಎಂದಳು, ಕುಂಟೆಯತ್ತ ತಿರುಗಿಯೂ ನೋಡದೆ.

“ಬಾಯಿಗೇನೋ ಗೊತ್ತಿಲ್ಲ. ಕೈ ಮಾತ್ರ ಆಗ್ಲಿಂದ ಹುಳ ಹಿಡಿದ ಕಾಳು ತೆಗೆದು ಬಿತ್ತನೆ ಬೀಜ ಆರಿಸ್ತಿದೆಯಲ್ಲ!”

ಹುಡುಗಿ ಕೈ ಹಿಂತೆಗೆದಳು. “ಫೇಲ್ ಮಾಡ್ಬಿಡಿ ಸಾರ್,” ಎಂದಳು, ಬಸ್ಸಿನಲ್ಲಿ ಟಿಕೆಟ್ ಕೇಳುವವಳಂತೆ.

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

“ನನ್ನ ಕಾಲದಲ್ಲಿ ನಾನೂ ಇಲ್ಲಿ ಬೇಕಂತಲೇ ಎಲ್ಲ ತಪ್ಪು ಹೇಳಿದ್ದೆ ಕಣಮ್ಮ. ನನಗೆ ಸಿಕ್ಕ ಮೇಷ್ಟ್ರು ಪುಣ್ಯಾತ್ಮ, ಪಾಸ್ ಮಾಡ್ಬಿಟ್ರು,” ಎನ್ನುತ್ತಾ ಅವಳ ಹೆಸರಿನ ಮುಂದೆ ಸೊನ್ನೆ ಬರೆದರು.