ಏಳನೆಯ ಸೆನ್ಸರ್

ಫೋನ್ ಟಿಣ್ ಎಂದಿತು. ರಾತ್ರಿ ಎರಡೂ ಹತ್ತು. ಸೂಪರ್ ಕಂಪ್ಯೂಟರಿನ ಸರದಿಯಲ್ಲಿ ಮೂರು ದಿನ ಕಾದಿದ್ದ ಲೆಕ್ಕ ಕೊನೆಗೂ ಮುಗಿದಿತ್ತು. ನಿದ್ದೆಯಿಲ್ಲದೆ ಹೊರಳಾಡುತ್ತಿದ್ದ ಇಮ್ಕೆ ಎದ್ದು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು.

ಹನ್ನೊಂದು ಕಡೆ ಸರಿ. ಏಳನೆಯದು ಮತ್ತೆ ತಪ್ಪು.

ಎಂಟು ತಿಂಗಳಿಂದ ಇದೇ ಗೋಳು. ಅಯಸ್ಕಾಂತಗಳ ಹಿಡಿತದಲ್ಲಿ ಸುತ್ತುವ ಕೋಟಿ ಡಿಗ್ರಿಯ ಪ್ಲಾಸ್ಮಾ, ಅದರ ಸುತ್ತ ಯಂತ್ರದ ಗೋಡೆ, ಗೋಡೆಯೊಳಗೆ ಶಾಖ ಅಳೆಯುವ ಹನ್ನೆರಡು ಸೆನ್ಸರ್‌ಗಳು. ಅವು ಅಳೆದದ್ದು ಕಪ್ಪು ಗೆರೆ. ಇಮ್ಕೆಯ ಕಂಪ್ಯೂಟರ್ ಮಾದರಿ ಹೇಳಿದ್ದು ಕೆಂಪು ಗೆರೆ. ಎರಡೂ ಒಂದರ ಮೇಲೊಂದು ಕೂರಬೇಕು.

ಮೂರು ವರ್ಷದ ಹಿಂದೆ ಕೂತಿದ್ದವು. ಯಂತ್ರದ ಮೊದಲ ಪ್ರಯೋಗಕ್ಕೆ ಮುಂಚೆಯೇ ಅವಳು ಲೆಕ್ಕ ಕೊಟ್ಟಿದ್ದಳು. ಹನ್ನೆರಡೂ ಹೊಂದಿದ್ದವು. ಆ ಚಿತ್ರಕ್ಕೆ ಪ್ರೊಫೆಸರ್ ಚೌಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದರು; ಇಮ್ಕೆಗೆ ಕೆಲಸ ಸಿಕ್ಕಿದ್ದೇ ಅದರಿಂದ. ಆಮೇಲೆ ಮಾದರಿಯಲ್ಲಿ ಒಂದು ತಪ್ಪು ಅವಳ ಕಣ್ಣಿಗೆ ಬಿತ್ತು. ಏಳನೆಯ ಸೆನ್ಸರಿನ ಆಸುಪಾಸಿನ ಲೆಕ್ಕದಲ್ಲಿ, ಭಾಗಿಸಬೇಕಾದಲ್ಲಿ ಗುಣಿಸಿದ್ದಳು. ತಿದ್ದಿದಳು. ಅಂದಿನಿಂದ, ಅದೇ ಪ್ರಯೋಗಕ್ಕೆ, ಏಳನೆಯದು ಕೂರುತ್ತಿಲ್ಲ.

ಬೆಳಿಗ್ಗೆ ಹತ್ತಕ್ಕೆ ಸಮಿತಿ. ಗೆರೆಗಳು ಕೂತರೆ ಕಾಯಂ ಹುದ್ದೆ. ಇಲ್ಲದಿದ್ದರೆ ಮಾರ್ಚಿಗೆ ಮನೆ.

ಹಿಂದಿನ ದಿನ ಕ್ಯಾಂಟೀನಿನಲ್ಲಿ ಸೆನ್ಸರ್ ವಿಭಾಗದ ಮುಖ್ಯಸ್ಥ ಹಾರ್ಟ್‌ವಿಗ್ ಸಿಕ್ಕಿದ್ದ.

"ಏನಮ್ಮ ಡಾಕ್ಟ್ರೇ, ಇನ್ನೂ ಏಳರ ಜೊತೆ ಜಗಳಾನಾ?"

"ನಿಮ್ಮ ಏಳನೇದೇ ಕೆಟ್ಟಿರಬಹುದಲ್ವಾ?"

"ಅದಾ? ಅದರಷ್ಟು ನೀಟಾದ ಗೆರೆ ಇನ್ನೊಂದು ತೋರ್ಸು ನೋಡೋಣ. ಮಿಕ್ಕಿದ್ದೆಲ್ಲ ಚಳಿ ಹಿಡಿದೋರ ಥರ ನಡುಗ್ತವೆ."

"ಬಿಚ್ಚಿ ನೋಡ್ಬಹುದಲ್ಲ?"

"ಒಂದು ವರ್ಷ ಯಂತ್ರ ನಿಲ್ಲಿಸ್ಬೇಕು. ಹೋಗು, ಪ್ರೊಫೆಸರ್‌ಗೆ ನೀನೇ ಹೇಳು."

"ಹಾಗಾದ್ರೆ ನಾಳೆ ಏಳನ್ನ ಬಿಟ್ಟು ಉಳಿದಿದ್ದು ತೋರಿಸ್ತೀನಿ."

"ಒಂದು ಜಾಗ ಖಾಲಿ ಬಿಟ್ರೂ ಆ ದರಿದ್ರ ಪ್ರೋಗ್ರಾಮ್ ಗೆರೆ ಎಳೆಯಲ್ಲ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಹಾರ್ಟ್‌ವಿಗ್ ಮೀನಿನ ಮುಳ್ಳು ಬಿಡಿಸುತ್ತಿದ್ದವನು ತಲೆ ಎತ್ತಲಿಲ್ಲ. "ಮೊದ್ಲು ಚೆನ್ನಾಗೇ ಕೂತಿತ್ತು. ರಿಪೇರಿ ಮಾಡು ಅಂತ ನಿನಗ್ಯಾರು ಹೇಳಿದ್ರು?"

ಈಗ, ಮೂರು ಗಂಟೆಯ ಹೊತ್ತಿಗೆ, ಇಮ್ಕೆಗೆ ಸಾಕಾಗಿ ಹೋಗಿತ್ತು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದಾದರೆ ತಾನು ತಿದ್ದಿದ್ದೇ ತಪ್ಪಿರಬೇಕು. ಎಲ್ಲಿ ತಪ್ಪು ಎಂಬುದು ಮಾತ್ರ ಹೊಳೆಯಲೊಲ್ಲದು. ಎಂಟು ತಿಂಗಳಲ್ಲಿ ಸೇರಿಸಿದ್ದನ್ನೆಲ್ಲ ತೆಗೆದು, ತಿದ್ದಿದ ಸಾಲನ್ನೂ ಅಳಿಸಿ, ಹಳೆಯ ಸಾಲನ್ನು ಮರಳಿ ಹಾಕಿದಳು. ಹಳೆಯ ಮಾದರಿ ಪುಟ್ಟದು. ಲ್ಯಾಪ್‌ಟಾಪಿನಲ್ಲೇ ಅರ್ಧ ಗಂಟೆಯಲ್ಲಿ ಮುಗಿಯಿತು. ಕೆಂಪು ಗೆರೆ ಕಪ್ಪಿನ ಮೇಲೆ ಹೋಗಿ ಕೂತಿತು.

ಸಮಿತಿಯವರು ಜರ್ಮನ್ ಪದ್ಧತಿಯಂತೆ ಮೇಜು ಕುಟ್ಟಿ ಮೆಚ್ಚುಗೆ ತೋರಿದರು. ಹುದ್ದೆ ಕಾಯಂ ಆಯಿತು. ಬಾಗಿಲಲ್ಲಿ ಹಾರ್ಟ್‌ವಿಗ್ ಕೈ ಕುಲುಕಿದ. ಅವನ ಅಂಗೈ ಬೆವತಿತ್ತು.

ಒಂದೇ ಒಂದು ಕೆಲಸ ಉಳಿದಿತ್ತು. ವರದಿಯಲ್ಲಿ ಏಳನೆಯದರ ಅಳತೆಗೂ ಲೆಕ್ಕಕ್ಕೂ ಇರುವ ವ್ಯತ್ಯಾಸ ಎಷ್ಟೆಂದು ಬರೆಯಬೇಕಿತ್ತು. ಇಷ್ಟು ವರ್ಷ ಎಲ್ಲರೂ ಕಣ್ಣಿನಲ್ಲೇ ನೋಡಿದ್ದರು, ಅಳೆದವರಿಲ್ಲ. ಇಮ್ಕೆ ಅಳೆದಳು.

ಸೊನ್ನೆ. ಸಾವಿರ ಬಿಂದುಗಳಲ್ಲೂ, ಹದಿನೈದನೆಯ ಅಂಕಿಯವರೆಗೂ, ಸೊನ್ನೆ.

ಅವಳು ಮೊದಲ ಪ್ರಯೋಗದ ಮೂಲ ಫೈಲನ್ನು ತೆರೆದಳು. ಪ್ರೋಗ್ರಾಮ್ ಓದದೆ ದಾಟಿಹೋಗುವ ಮೇಲಿನ ಸಾಲಿನಲ್ಲಿ, ಮೂರು ವರ್ಷದ ಹಿಂದಿನ ತಾರೀಖಿನ ಪಕ್ಕ, ಹಾರ್ಟ್‌ವಿಗ್ ಬರೆದುಕೊಂಡಿದ್ದ: "ಏಳನೆಯದು ಸತ್ತಿದೆ. ಸರಿಹೋಗುವವರೆಗೆ ಇಮ್ಕೆಯ ಲೆಕ್ಕದ ಅಂಕಿಗಳನ್ನೇ ತುಂಬಿದ್ದೇನೆ."

ಇಮ್ಕೆ ಫೈಲ್ ಮುಚ್ಚಿ, ವರದಿಯಲ್ಲಿ 'ಶೇಕಡಾ ಎರಡು' ಎಂದು ಬರೆದಳು. ಸೊನ್ನೆ ಎಂದರೆ ಯಾರಾದರೂ ಬಂದು ಕೇಳಿಯಾರು.