ಬಂದವರಿಗೆ ಬೆಲ್ಲ ನೀರು

ರೆಸಾರ್ಟಿನ ಕೊಳಚೆ ನೀರು ಮಂಕಾಳಿಯ ಮನೆಯ ಬಾವಿಗೆ ಸೇರಿತ್ತು; ಆ ನೀರು ಕುಡಿದ ಅವಳ ಮೊಮ್ಮಗು ವಾಂತಿಭೇದಿಯಲ್ಲಿ ತೀರಿಕೊಂಡಿತ್ತು. "ಬಾವಿ ನೀರಿಗೆ ಏನೂ ಆಗಿಲ್ಲ" ಎಂದು ಅಧಿಕಾರಿಗಳ ಮುಂದೆ ವಾದಿಸಿ ಗೆದ್ದವನು ರೆಸಾರ್ಟಿನ ಮಾಲೀಕ. ಈಗ ಅವನೇ 'ಹಳ್ಳಿಗೆ ನೆರವಾಗುವ ಪ್ರವಾಸ' ಎಂದು ಬೋರ್ಡು ಹಾಕಿಕೊಂಡು, ಪ್ರವಾಸಿಗರ ಗುಂಪು ಕಟ್ಟಿಕೊಂಡು ಅವಳ ಜಗಲಿ ಹತ್ತಿದ್ದ.

ಮಂಕಾಳಿ ನಗುನಗುತ್ತಲೇ ಚಾಪೆ ಹಾಸಿದಳು. ರೂಢಿಯಂತೆ ಎಲ್ಲರಿಗೂ ಬೆಲ್ಲ, ನೀರು ತಂದಿಟ್ಟಳು.

"ಇದನ್ನ ಮುಟ್ಟದೆ ಹೋದ್ರೆ ಮನೆಯವರಿಗೆ ಅವಮಾನ ಮಾಡಿದ ಹಾಗೆ," ಎಂದು ಮಾಲೀಕನೇ ವಿವರಿಸಿದ. ಎಲ್ಲರೂ ಲೋಟ ಎತ್ತಿದರು.

"ಕುಡೀರಿ, ನಮ್ಮ ಬಾವಿದೇ ನೀರು," ಎಂದಳು ಮಂಕಾಳಿ.

ಮಾಲೀಕನ ಲೋಟ ತುಟಿಯ ಹತ್ತಿರವೇ ನಿಂತಿತು. ಅದನ್ನು ಕೆಳಗಿಟ್ಟವನೇ ಪಕ್ಕದ ಹೆಂಗಸಿನ ಲೋಟವನ್ನೂ ಕಸಿದುಕೊಂಡ.

"ಯಾರೂ ಕುಡೀಬೇಡಿ! ಆ ಬಾವಿ ನೀರು ವಿಷ!"

ಪ್ರವಾಸಿಗರೆಲ್ಲ ಅವನ ಮುಖವನ್ನೇ ನೋಡಿದರು. ಮಂಕಾಳಿ ಅವನ ಲೋಟ ಎತ್ತಿಕೊಂಡು ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇದು ಬೆಳಿಗ್ಗೆ ನಿಮ್ಮ ರೆಸಾರ್ಟಿನ ಅಡುಗೆಮನೆಯಿಂದ್ಲೇ ತಂದ ನೀರು, ಒಡೇರೆ. ಬಾವಿ ನೀರು ಎಂತಕ್ಕೆ ವಿಷ ಆಯ್ತು, ಅದನ್ನ ಇವ್ರಿಗೆ ನೀವೇ ಹೇಳಿ."