ಎಂಟನೆಯ ಹಂತದ ಹಿರಿಯರು

ಓದಿದವರ ವಿಷಯ ಹೇಳುವ ಧೈರ್ಯ ಮಾಡಿದ್ದಕ್ಕೆ ಓದಿದವರು ಕ್ಷಮಿಸಬೇಕು. ಹೇಳುವುದರಲ್ಲಿ ತಪ್ಪಿದ್ದರೆ ತಿದ್ದಬೇಕು. ಕಾಂತರಾಜುವನ್ನು ತಿದ್ದುವ ಹೊತ್ತು ಮಾತ್ರ ಮೀರಿತ್ತು. ಸೋಸಲೆಯ ಆ ಜಗಲಿಯ ಮೇಲೆ ಕೂತು ಐದು ನಿಮಿಷವಾಗಿರಲಿಲ್ಲ, ಎದುರಿಗಿದ್ದ ಮುದುಕರು ಇನ್ನೂ ಬಾಯಿ ತೆರೆದಿರಲಿಲ್ಲ, ಅವನು ಆಗಲೇ ‘ನಿರಾಶೆ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ.

ಅವಸರಕ್ಕೆ ಕಾರಣವಿತ್ತು. ನಂಜನಗೂಡಿನ ಒಂದು ಹಿರಿಯರ ಸಹಾಯ ಕೇಂದ್ರದಲ್ಲಿ ಅವನು ಏಳು ವರ್ಷದಿಂದ ಹಂಗಾಮಿ ಗುಮಾಸ್ತ. ಅಲ್ಲಿ ಆಪ್ತಸಮಾಲೋಚಕನ ಹುದ್ದೆ ಖಾಲಿಯಾಗಿತ್ತು. ಅದಕ್ಕೆ ಸಮಾಜಕಾರ್ಯದ ಪದವಿ ಬೇಕು. ಪದವಿಗೆ ‘ಮಾನವ ವರ್ತನೆ ಮತ್ತು ಬದುಕಿನ ಹಂತಗಳು’ ಎಂಬ ಪತ್ರಿಕೆ ಪಾಸಾಗಬೇಕು. ಎರಡು ಸಲ ಡುಮ್ಕಿ ಹೊಡೆದಿದ್ದ. ಇದೇ ಕೊನೆಯ ಅವಕಾಶ. ವಯಸ್ಸು ನಲವತ್ತಾರು.

ಪುಸ್ತಕದ ಪ್ರಕಾರ ಮನುಷ್ಯನ ಬಾಳಿಗೆ ಎಂಟು ಹಂತ, ಎಂಟು ಚೌಕ. ಪಾಲಿಗೆ ಬಂದ ಚೌಕದ ಒಬ್ಬರನ್ನು ಹಿಡಿದು, ಆರು ವಾರ ಮಾತಾಡಿಸಿ, ಹೆಸರು ಮರೆಮಾಚಿ ವರದಿ ಬರೆಯಬೇಕು. ಕಾಂತರಾಜುವಿಗೆ ಬಿದ್ದದ್ದು ಎಂಟನೆಯದು, ಮುಪ್ಪು. ಪರಿಚಯದವರ ಮೇಲೆ ಬರೆಯುವಂತಿಲ್ಲ. ನಂಜನಗೂಡಿನ ಮುದುಕರೆಲ್ಲ ಅವನಿಗೆ ಪರಿಚಯದವರೇ. ಹಾಗಾಗಿ ಟಿ. ನರಸೀಪುರದ ಬಸ್ಸು ಹತ್ತಿ ಸೋಸಲೆಯ ಪುಟ್ಟಬಸವಯ್ಯನವರನ್ನು ಹುಡುಕಿಕೊಂಡ. ಎಪ್ಪತ್ತಾರು ವರ್ಷ, ಹೆಂಡತಿ ತೀರಿಕೊಂಡಿದ್ದಾರೆ, ಮಗ-ಸೊಸೆಯ ಜೊತೆ ವಾಸ. ಆರು ವಾರ ಎಂದಾಗ ಬೇರೆಯವರಾಗಿದ್ದರೆ ಗೊಣಗುತ್ತಿದ್ದರು. ಇವರು, “ಆರೇ ಇರ್ಲಿ ಸಾ, ನಂಗೂ ಅಷ್ಟೇ ಬೇಕು” ಎಂದು ಸಲೀಸಾಗಿ ಒಪ್ಪಿದರು.

“ಹೊತ್ತು ಹೆಂಗೆ ಕಳೀತೀರಾ ಯಜಮಾನ್ರೇ?”

“ಒತ್ತಾ? ಎಲ್ ಸಾಲ್ತದೆ ಕಣ್ರೀ!”

‘ಒಂಟಿತನವನ್ನು ಒಪ್ಪಿಕೊಳ್ಳುವುದಿಲ್ಲ’ ಎಂದು ಕಾಂತರಾಜು ಬರೆದ.

“ನಿದ್ದೆ ಬರುತ್ತಾ?”

“ಮಲಗ್ತಿದ್ದಂಗೇ ಬತ್ತದೆ. ನಿಮ್ಗೆ? ಕಣ್ಣು ಕೆಂಪಗವಲ್ಲ, ಅದ್ಕೆ ಕೇಳ್ದೆ.”

“ನಂದು ಬಿಡಿ.”

“ಬುಟ್ಟೆ. ಯಾವಾಗ್ಲಿಂದ ಇಂಗೆ?”

‘ಮಾತು ಬದಲಿಸುವ ಚಟ.’

ಪ್ರತಿ ಶನಿವಾರ ಹೋದ. ಒಂದು ವಾರ ಭಾನುವಾರ ಬರಲೇ ಎಂದು ಕೇಳಿದ. “ಭಾನ್ವಾರ ಬ್ಯಾಡಿ ಸಾ, ನಾನ್ ಊರಲ್ಲಿರಕಿಲ್ಲ” ಎಂದರು. ಎಲ್ಲಿಗೆ ಹೋಗುತ್ತಾರೆಂದು ಕೇಳಲಿಲ್ಲ. ಆ ವಯಸ್ಸಿನವರು ಇನ್ನೆಲ್ಲಿಗೆ ಹೋಗುತ್ತಾರೆ? ‘ದೇವರಲ್ಲಿ ಆಶ್ರಯ’ ಎಂದು ಬರೆದ. ಕಸುಬಿನ ಚೌಕದಲ್ಲಿ ‘ಬೇಸಾಯ’ ಎಂದು ಮೊದಲ ವಾರವೇ ತುಂಬಿದ್ದ. ಅದನ್ನೂ ಕೇಳಿರಲಿಲ್ಲ.

ಕಷ್ಟವಾದದ್ದು ದುಃಖದ ವಿಷಯದಲ್ಲಿ. ವರದಿಗೆ ಒಂದಾದರೂ ದೊಡ್ಡ ದುಃಖ ಬೇಕಿತ್ತು. ಮುದುಕರು ಕೊಡಲೊಲ್ಲರು. ಸೊಸೆ ರಂಜಿನಿಯನ್ನು ಬೇಲಿಯ ಹತ್ತಿರ ನಿಲ್ಲಿಸಿ ಕೇಳಿದ.

“ನಿಮ್ಮ ಮಾವ ಒಬ್ಬರೇ ಕೂತು ಅಳ್ತಾರಾ?”

“ಅಳಾದಾ? ನನ್ ಮಗಳ ಜೊತೆ ಬರ್ಯೋ ಟೇಬಲ್ಗೋಸ್ಕರ ಜಗಳ ಆಡ್ತಾರೆ ಕಣಣ್ಣಾ! ನಮ್ಗೇ ಅಳು ಬತ್ತದೆ.”

‘ಮಗುವಿನಂತಾಗಿದ್ದಾರೆ’ ಎಂದು ಬರೆದುಕೊಂಡ.

ಆರನೆಯ ಶನಿವಾರ ಕಾಂತರಾಜು ಕೊನೆಯ ಅಸ್ತ್ರ ಬಿಟ್ಟ. “ಬದುಕಲ್ಲಿ ಏನೋ ಆಗಬೇಕಿತ್ತು, ಆಗಲಿಲ್ಲ ಅನ್ನೋ ಕೊರಗು ಇದೆಯಾ?”

ಮುದುಕರು ಅವನ ಕಡೆ ತಿರುಗಿ ಕೂತರು. “ನಿಮ್ಗದಾ ಸಾ?”

ಅಷ್ಟೇ ಕೇಳಿದ್ದು. ಕಾಂತರಾಜು ಮುಕ್ಕಾಲು ಗಂಟೆ ಮಾತಾಡಿದ. ತನಗಿಂತ ಆಮೇಲೆ ಸೇರಿದ ಜಗನ್ ಈಗ ತನ್ನ ರಜೆ ಅರ್ಜಿಗೇ ಸಹಿ ಹಾಕುವ ಮೇಲಧಿಕಾರಿಯಾದದ್ದು, ಮನೆಯಲ್ಲಿ ಯಾರೂ ಪರೀಕ್ಷೆಯ ಸುದ್ದಿ ಎತ್ತದಿರುವುದು. ಮುದುಕರು ಹೂಂಗುಟ್ಟಿದರು. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಬೇಲಿಯವರೆಗೂ ಬಂದರು.

“ಎಲ್ಲಾನೂವೆ ಅಂದ್ಬುಟ್ರಿ, ಒಳ್ಳೇದಾಯ್ತು. ನಿಮ್ ಎಸ್ರು ಎಲ್ಲೂ ಬರಕಿಲ್ಲ ಬುಡಿ.”

ಬಸ್ಸಿನಲ್ಲಿ ಕೂತು ಕಾಂತರಾಜು ವರದಿ ಮುಗಿಸಿದ: ‘ಮಿತಭಾಷಿ. ಸಂವಹನ ಶಕ್ತಿ ಕುಗ್ಗಿದೆ. ಕೊನೆಯ ದಿನಗಳ ನಿರೀಕ್ಷೆಯಲ್ಲಿದ್ದಾರೆ.’

ಮೌಖಿಕ ಪರೀಕ್ಷೆ ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನವರಿಗೆ ಒಟ್ಟಿಗೆ, ನಂಜನಗೂಡಿನಲ್ಲಿ. ಪರೀಕ್ಷಕಿ ನಯನ ಮೇಡಂ ಅವನ ವರದಿಯನ್ನು ಇನ್ನೊಂದು ವರದಿಯ ಪಕ್ಕಕ್ಕಿಟ್ಟು ಎರಡರ ತಾರೀಖುಗಳನ್ನೂ ನೋಡಿದರು.

“ಪುಸ್ತಕದಲ್ಲಿರೋದೆಲ್ಲ ಇದರಲ್ಲಿದೆ. ಈಗ ಬೇರೆಯೊಬ್ಬರು ಬರೆದ ಕೇಸ್ ಓದ್ತೀನಿ. ನೀವು ಹೇಳಿ.”

ಅವರು ಓದಿದರು: ‘ಶ್ರೀ ಗ. ನಡುವಯಸ್ಸು. ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಬೇರೆಯವರಲ್ಲಿ ದುಃಖ ಹುಡುಕುತ್ತಾರೆ, ಸಿಗದಿದ್ದರೆ ಕಳವಳಪಡುತ್ತಾರೆ. ಮನುಷ್ಯ ಒಳ್ಳೆಯವರು. ಇವರ ಮಾತನ್ನು ಕೂತು ಕೇಳಿದವರು ಇಲ್ಲ.’

ಕಾಂತರಾಜುವಿನ ಮುಖ ಅರಳಿತು. ಇಷ್ಟು ಸುಲಭದ ಪ್ರಶ್ನೆ ಅವನಿಗೆ ಜನ್ಮದಲ್ಲೇ ಬಂದಿರಲಿಲ್ಲ.

“ಏಳನೇ ಹಂತ ಮೇಡಂ! ಪುಸ್ತಕದ ಭಾಷೇಲಿ ನಿಂತ ನೀರು. ನಮ್ಮ ಆಫೀಸಲ್ಲೂ ಒಬ್ಬ ಹಿಂಗೇ ಇದಾನೆ, ಜಗನ್ ಅಂತ.”

“ಇವರನ್ನ ಆಪ್ತಸಮಾಲೋಚಕರ ಕುರ್ಚಿಯಲ್ಲಿ ಕೂರಿಸಬಹುದಾ?”

“ಅಯ್ಯೋ, ಸದ್ಯಕ್ಕೆ ಬೇಡಿ ಮೇಡಂ! ಕಷ್ಟ ಹೇಳ್ಕೊಳ್ಳೋಕೆ ಬಂದವರ ಗತಿ? ಮೊದಲು ಇವರಿಗೇ ಒಂದಾರು ತಿಂಗಳು ಸಮಾಲೋಚನೆ ಆಗಬೇಕು.”

“ಸರಿಯಾದ ಉತ್ತರ. ಪಾಸಾದಿರಿ.” ಮೇಡಂ ಒಂದು ಹಾಳೆಯಲ್ಲಿ ನಿಧಾನವಾಗಿ ಬರೆದರು. “ಆ ಹುದ್ದೆಗೆ ನಿಮ್ಮ ಕೇಂದ್ರದವರು ನನ್ನ ಅಭಿಪ್ರಾಯ ಕೇಳಿದ್ದಾರೆ. ನಿಮ್ಮ ಮಾತನ್ನೇ ಬರೆದು ಕಳಿಸ್ತಿದ್ದೀನಿ.”

ಕಾಂತರಾಜು ಎರಡೆರಡು ಸಲ ಕೈಮುಗಿದ. ಕಣ್ಣು ಒದ್ದೆಯಾಗಿತ್ತು.

ಮೇಡಂ ಬಾಗಿಲ ಕಡೆ ನೋಡಿ, “ಶ್ರೀ ಗ ಅವರ ಕೇಸ್ ಬರೆದವರು, ನರಸೀಪುರ ಸೆಂಟರ್, ಭಾನುವಾರದ ಬ್ಯಾಚ್, ಒಳಗೆ ಬನ್ನಿ” ಎಂದು ಕರೆದರು. ಹಾಲ್ ಟಿಕೆಟ್ ಹಿಡಿದು ಪುಟ್ಟಬಸವಯ್ಯ ಒಳಗೆ ಬಂದರು.

ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರಿಗೆ ಈ ಓದು ಯಾಕೆ ಬೇಕಾಯಿತು ಎಂಬುದು ಗೊತ್ತಿಲ್ಲ. ಆರು ಶನಿವಾರವೂ ಅದನ್ನು ಯಾರೂ ಕೇಳಿರಲಿಲ್ಲ.